ಮೋಟಾರಿಗೆ ತಿದಿ ಕಟ್ಟಿದವರು

ಕುಲುಮೆಯ ಬೆಂಕಿಗೆ ತಿದಿ ಬೇಕೆಂಬುದನ್ನು ನಮ್ಮ ಹಳ್ಳಿಗಳ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದ್ದಲು ಅದೇ, ಒಲೆಯೂ ಅದೇ. ಆದರೆ ತಿದಿಯನ್ನು ಒತ್ತಿದೊಡನೆ ಕೆಂಡವು ಬೆಳ್ಳಗೆ ಹೊಳೆಯುತ್ತದೆ, ಬಾಗದ ಕಬ್ಬಿಣವು ಬಾಗುತ್ತದೆ. ಉರಿಯ ಬಲವು ಇಂಧನದಲ್ಲಿ ಮಾತ್ರವಿಲ್ಲ, ಅದಕ್ಕೆ ಒದಗುವ ಗಾಳಿಯಲ್ಲಿಯೂ ಇದೆ ಎಂಬ ಈ ಪುರಾತನ ಅನುಭವವೇ ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಕಾರಿನ ಎಂಜಿನ್ನನ್ನೂ ಮುಟ್ಟಿತು. ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಸಾಧನಕ್ಕೆ ಸೂಪರ್‌ಚಾರ್ಜರ್ ಎಂದು ಹೆಸರು. ಬಳಕೆಯ ಮಾತಿನಲ್ಲಿ ಬ್ಲೋವರ್. ದೊಡ್ಡ ಕಾರ್ಖಾನೆಗಳು ಅದನ್ನು ಬೆಳೆಸಿದ ಕಥೆ ಪ್ರಸಿದ್ಧವಾಗಿದೆ. ಸಾಮಾನ್ಯರು ತಮ್ಮ ಮನೆಯ ಹಿತ್ತಿಲಿನಲ್ಲಿ, ತಮ್ಮ ಸ್ವಂತ ಕಾರಿಗೆ, ತಮ್ಮ ಕೈಯಿಂದಲೇ ಅದನ್ನು ಜೋಡಿಸಿಕೊಂಡ ಕಥೆ ಅಷ್ಟು ಪ್ರಸಿದ್ಧವಲ್ಲ. ಆದರೆ ವಿದ್ಯಾರ್ಥಿಗಳಿಗೆ ಅದೇ ಹೆಚ್ಚು ಬೋಧಪ್ರದವಾದುದು. ಯಂತ್ರವನ್ನು ಹೊಂದುವುದಕ್ಕೂ ಯಂತ್ರವನ್ನು ಅರಿಯುವುದಕ್ಕೂ ಇರುವ ಅಂತರವು ಇದರಲ್ಲಿ ಸ್ಪಷ್ಟವಾಗಿ ತೋರುತ್ತದೆ.

ಮೊದಲು ಎಂಜಿನ್ನಿನ ಉಸಿರಾಟವನ್ನು ನೋಡೋಣ. ಪಿಸ್ಟನ್ನು ಕೆಳಗಿಳಿದಾಗ ಸಿಲಿಂಡರಿನೊಳಗಿನ ಒತ್ತಡ ಕಡಿಮೆಯಾಗಿ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಅದನ್ನು ಒಳಕ್ಕೆ ದೂಡುವುದು ವಾಯುಮಂಡಲದ ಒತ್ತಡವೇ ಹೊರತು ಬೇರೆ ಯಾವುದೂ ಅಲ್ಲ. ಸಮುದ್ರಮಟ್ಟದಲ್ಲಿ ಈ ಒತ್ತಡವು ಚದರ ಅಂಗುಲಕ್ಕೆ ೧೪.೭ ಪೌಂಡು. ಇನ್ನು ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ತೂಕದಲ್ಲಿ ಸುಮಾರು ೧೪.೭ ಪಾಲು ಗಾಳಿ ಬೇಕು. ಈ ಎರಡು ಸಂಖ್ಯೆಗಳು ಒಂದೇ ಆಗಿರುವುದು ಕೇವಲ ಆಕಸ್ಮಿಕ. ವಿದ್ಯಾರ್ಥಿಗಳು ಒಂದನ್ನು ಇನ್ನೊಂದೆಂದು ಭ್ರಮಿಸಬಾರದು. ಗಾಳಿಗೆ ತಕ್ಕಷ್ಟೇ ಪೆಟ್ರೋಲು ಉರಿಯಬಲ್ಲದಾದುದರಿಂದ, ಎಂಜಿನ್ನಿನ ಬಲಕ್ಕೆ ಮಿತಿ ಹಾಕುವುದು ಪೆಟ್ರೋಲಲ್ಲ, ಗಾಳಿ. ಮೆಟ್ಟುಪಾಳ್ಯದಿಂದ ಉದಕಮಂಡಲಕ್ಕೆ ಘಟ್ಟ ಹತ್ತುವ ಹಳೆಯ ಕಾರುಗಳು ಮೇಲೇರಿದಂತೆಲ್ಲ ಬಸವಳಿಯುವುದಕ್ಕೆ ಏರು ಒಂದೇ ಕಾರಣವಲ್ಲ. ಸುಮಾರು ೭,೩೫೦ ಅಡಿ ಎತ್ತರದ ಆ ಊರಿನಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟು ಮಾತ್ರ ಇರುತ್ತದೆ. ತಾನಾಗಿ ಉಸಿರಾಡುವ ಎಂಜಿನ್ನು ಅಲ್ಲಿ ತನ್ನ ಬಲದ ಕಾಲು ಭಾಗದಷ್ಟನ್ನು ಕಳೆದುಕೊಳ್ಳುತ್ತದೆ. ಗಾಳಿಯನ್ನು ಒತ್ತಿ ತುಂಬಿದರೆ ಈ ನಷ್ಟವನ್ನು ತುಂಬಿಕೊಳ್ಳಬಹುದು. ಬಯಲಿನಲ್ಲಿಯಾದರೆ ಹುಟ್ಟಿನಿಂದ ಬಂದ ಬಲವನ್ನೂ ಮೀರಬಹುದು.

ಹೀಗೆ ಗಾಳಿ ತುಂಬುವ ಯಂತ್ರಗಳಲ್ಲಿ ಬಹು ಪ್ರಸಿದ್ಧವಾದುದು ಮೋಟಾರು ಕಾರಿಗಿಂತ ಹಿರಿಯದು. ಅಮೆರಿಕದ ಇಂಡಿಯಾನಾ ಪ್ರಾಂತದ ಕಾನರ್ಸ್‌ವಿಲ್ ಎಂಬ ಊರಿನಲ್ಲಿ ಫಿಲಾಂಡರ್ ರೂಟ್ಸ್, ಫ್ರಾನ್ಸಿಸ್ ರೂಟ್ಸ್ ಎಂಬ ಸೋದರರ ಉಣ್ಣೆಯ ಗಿರಣಿಯಿತ್ತು. ಗಿರಣಿಯನ್ನು ನಡೆಸುವ ನೀರಿನ ಚಕ್ರಕ್ಕಿಂತ ಉತ್ತಮವಾದುದೊಂದನ್ನು ಮಾಡಹೊರಟ ಅವರ ಕೈಗೆ, ನೀರಿಗಿಂತ ಗಾಳಿಗೆ ಹೆಚ್ಚು ಒಗ್ಗುವ ಯಂತ್ರವೊಂದು ಸಿಕ್ಕಿತು. ೧೮೬೦ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಬುಡುಬುಡಿಕೆಯಂತೆ ನಡು ಸಣ್ಣಗಾಗಿ ತುದಿಗಳು ಉಬ್ಬಿರುವ ಎರಡು ತಿರುಗಣೆಗಳು ಒಂದೇ ಪೆಟ್ಟಿಗೆಯಲ್ಲಿ, ಒಂದನ್ನೊಂದು ಮುಟ್ಟದೆ, ಎದುರುಬದುರಾಗಿ ಸುತ್ತುತ್ತವೆ. ಪ್ರತಿ ಸುತ್ತಿನಲ್ಲಿಯೂ ಪೆಟ್ಟಿಗೆಯ ಗೋಡೆಗೂ ಉಬ್ಬಿಗೂ ನಡುವೆ ಸಿಕ್ಕಿದ ಗಾಳಿಯು ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗುತ್ತದೆ. ಈ ಯಂತ್ರವು ತನ್ನೊಳಗೆ ಗಾಳಿಯನ್ನು ಹಿಂಡುವುದಿಲ್ಲ. ಎಂಜಿನ್ನು ನುಂಗಬಲ್ಲುದಕ್ಕಿಂತ ಹೆಚ್ಚಿನ ಗಾಳಿಯನ್ನು ಅದರ ಬಾಗಿಲಿಗೆ ತಂದು ಸುರಿಯುತ್ತದೆ, ಇಕ್ಕಟ್ಟಿನಿಂದ ಒತ್ತಡವು ತಾನಾಗಿ ಏರುತ್ತದೆ. ಮೊದಲು ಅದು ಲೋಹ ಕರಗಿಸುವ ಕುಲುಮೆಗಳಿಗೂ ಗಣಿಗಳಿಗೂ ಗಾಳಿ ಒದಗಿಸುವ ಕೆಲಸದಲ್ಲಿತ್ತು. ತಿದಿಯ ಕೆಲಸದಿಂದಲೇ ಅದು ಮೋಟಾರಿನ ಕಡೆಗೆ ಬಂದಿತೆಂಬುದು ಗಮನಾರ್ಹ.

ಎಂಜಿನ್ನಿಗೆ ಒತ್ತಿ ಉಣಿಸುವ ವಿಚಾರವು ಜರ್ಮನಿಯ ಗಾಟ್‌ಲೀಬ್ ಡೈಮ್ಲರನಿಗೆ ೧೮೮೫ರಲ್ಲಿಯೇ ಹೊಳೆದಿತ್ತು; ಆ ವರ್ಷ ಅವನು ಅದಕ್ಕೆ ಪೇಟೆಂಟು ಪಡೆದನು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ೧೯೦೫ರಲ್ಲಿ, ಹೊರಕ್ಕೆ ಹೋಗುವ ಹೊಗೆಯ ರಭಸದಿಂದಲೇ ಗಾಳಿಯಂತ್ರವನ್ನು ತಿರುಗಿಸುವ ಉಪಾಯಕ್ಕೆ ಪೇಟೆಂಟು ಪಡೆದನು. ಇಂದು ಟರ್ಬೊ ಎಂದು ಕರೆಯಲ್ಪಡುವುದು ಇದೇ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲೀ ಚಾಡ್ವಿಕ್ ಎಂಬ ಕಾರು ತಯಾರಕನು ತನ್ನ ಆರು ಸಿಲಿಂಡರಿನ ಕಾರಿಗೆ, ಎಂಜಿನ್ನಿನ ಭಾರಚಕ್ರದಿಂದ ತೊಗಲಿನ ಪಟ್ಟಿಯ ಮೂಲಕ ತಿರುಗುವ ಗಾಳಿಯಂತ್ರವನ್ನು ಕಟ್ಟಿದನು; ೧೯೦೮ರಲ್ಲಿ ಆ ಕಾರು ವಿಲ್ಕ್ಸ್-ಬ್ಯಾರಿಯ ಗುಡ್ಡ ಹತ್ತುವ ಸ್ಪರ್ಧೆಯನ್ನು ಗೆದ್ದಿತು. ೧೯೧೮ರಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರನು ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಲಾರಿಯ ಮೇಲೆ ಹೇರಿ ೧೪,೦೦೦ ಅಡಿಗೂ ಮೇಲ್ಪಟ್ಟ ಪೈಕ್ಸ್ ಪೀಕ್ ಶಿಖರಕ್ಕೆ ಕೊಂಡೊಯ್ದನು. ಟರ್ಬೊ ಜೋಡಿಸಿದ ಎಂಜಿನ್ನು ಬಯಲಿನಲ್ಲಿ ಕೊಡುತ್ತಿದ್ದ ಬಲವನ್ನು ಅಲ್ಲಿಯೂ ಕೊಡುವುದೆಂದು ಅಲ್ಲಿ ತೋರಿಸಿಕೊಟ್ಟನು.

ಮಾರಾಟದ ಕಾರುಗಳಿಗೆ ಬ್ಲೋವರನ್ನು ಮೊದಲು ತಂದದ್ದು ಜರ್ಮನಿಯ ಮರ್ಸಿಡಿಸ್. ೧೯೨೧ರ ಬರ್ಲಿನ್ ಪ್ರದರ್ಶನದಲ್ಲಿ ಅಂತಹ ಎರಡು ಕಾರುಗಳು ಕಾಣಿಸಿಕೊಂಡವು. ಅವುಗಳಲ್ಲೊಂದರ ಹೆಸರು ೬/೨೫/೪೦. ಮೊದಲನೆಯದು ತೆರಿಗೆಯ ಲೆಕ್ಕದ ಅಶ್ವಶಕ್ತಿ, ಎರಡನೆಯದು ಸಹಜವಾದ ಅಶ್ವಶಕ್ತಿ, ಮೂರನೆಯದು ಬ್ಲೋವರ್ ಕೂಡಿದಾಗಿನ ಅಶ್ವಶಕ್ತಿ. ಅದು ಎಲ್ಲ ವೇಳೆಯಲ್ಲಿಯೂ ತಿರುಗುತ್ತಿರಲಿಲ್ಲ. ಚಾಲಕನು ಕಾಲಿನ ಪೆಡಲನ್ನು ಕೊನೆಯವರೆಗೆ ಒತ್ತಿದಾಗ ಮಾತ್ರ ಕೂಡಿಕೊಂಡು ಅರಚುತ್ತಿತ್ತು. ಕಾಲನ್ನು ಸಡಿಲಿಸಿದರೆ ಬೇರ್ಪಡುತ್ತಿತ್ತು. ಆಪತ್ತಿಗಾಗುವ ಬಲವೆಂದು ಅದನ್ನು ತಿಳಿದು ಮಿತವಾಗಿ ಬಳಸಬೇಕಾಗಿತ್ತು. ೧೯೨೩ರಲ್ಲಿ ಮಾಂಟ್ಸಾದಲ್ಲಿ ನಡೆದ ಇಟಲಿಯ ಗ್ರ್ಯಾಂಡ್ ಪ್ರಿ ಪಂದ್ಯವನ್ನು ಬ್ಲೋವರ್ ಹೊಂದಿದ ಫಿಯಟ್ ಕಾರು ಗೆದ್ದ ಮೇಲೆ ಪಂದ್ಯದ ಜಗತ್ತು ಅತ್ತ ತಿರುಗಿತು. ಮರುವರ್ಷ ಇಂಡಿಯಾನಾಪೊಲಿಸ್ಸಿನಲ್ಲಿ ಡ್ಯೂಸೆನ್‌ಬರ್ಗ್ ಕಾರು ಅದೇ ಬಗೆಯಲ್ಲಿ ಗೆದ್ದಿತು.

ಆದರೆ ಗಾಳಿ ತುಂಬಿದ ಮಾತ್ರಕ್ಕೆ ಗೆಲುವು ಬರುವುದಿಲ್ಲ ಎಂಬುದಕ್ಕೆ ಇಂಗ್ಲೆಂಡಿನ ಬೆಂಟ್ಲಿ ಕಾರು ನಿದರ್ಶನ. ಟಿಮ್ ಬರ್ಕಿನ್ ಎಂಬ ಸಾಹಸಿ ಚಾಲಕನು ನಾಲ್ಕೂವರೆ ಲೀಟರಿನ ಬೆಂಟ್ಲಿಗೆ ಆಮ್‌ಹರ್ಸ್ಟ್ ವಿಲಿಯರ್ಸ್ ರಚಿಸಿದ ದೊಡ್ಡ ಬ್ಲೋವರನ್ನು ಹಾಕಿಸಿದನು. ಕಾರಿನ ನಿರ್ಮಾಪಕ ಡಬ್ಲ್ಯು. ಓ. ಬೆಂಟ್ಲಿಗೆ ಇದು ಕೊಂಚವೂ ಒಪ್ಪಿಗೆಯಾಗಲಿಲ್ಲ. ಹೆಚ್ಚಿನ ಬಲ ಬೇಕಾದರೆ ದೊಡ್ಡ ಎಂಜಿನ್ನನ್ನೇ ಕಟ್ಟಬೇಕು ಎಂಬುದು ಅವನ ಸಿದ್ಧಾಂತ. ೧೯೩೦ರ ಲೆ ಮಾನ್ ಪಂದ್ಯದಲ್ಲಿ ಬ್ಲೋವರ್ ಬೆಂಟ್ಲಿಗಳು ನಡುದಾರಿಯಲ್ಲಿ ಕೆಟ್ಟು ನಿಂತವು. ಬ್ಲೋವರಿಲ್ಲದ ಆರೂವರೆ ಲೀಟರಿನ ಬೆಂಟ್ಲಿ ಗೆದ್ದಿತು. ಅದೇ ವರ್ಷ ಪೋ ನಗರದ ಫ್ರೆಂಚ್ ಗ್ರ್ಯಾಂಡ್ ಪ್ರಿಯಲ್ಲಿ ಬರ್ಕಿನ್ ಎರಡನೆಯವನಾಗಿ ಬಂದನೆಂಬುದನ್ನೂ ಹೇಳಬೇಕು. ಬ್ಲೋವರಿಗೆ ವೇಗವಿತ್ತು, ತಾಳ್ಮೆಯಿರಲಿಲ್ಲ.

ಆ ಕೊರತೆಯನ್ನು ಎರಡನೆಯ ಮಹಾಯುದ್ಧದಲ್ಲಿ ಗಣಿತಶಾಸ್ತ್ರವು ನೀಗಿಸಿತು. ೧೯೩೮ರಲ್ಲಿ ರೋಲ್ಸ್-ರಾಯ್ಸ್ ಕಂಪನಿಗೆ ಸೇರಿದ ಸ್ಟ್ಯಾನ್ಲಿ ಹೂಕರ್ ಎಂಜಿನ್ ಕಟ್ಟಿ ಅನುಭವವಿದ್ದವನಲ್ಲ, ಗಣಿತಜ್ಞ. ಮರ್ಲಿನ್ ಎಂಜಿನ್ನಿನ ಸೂಪರ್‌ಚಾರ್ಜರನ್ನು ಲೆಕ್ಕ ಹಾಕಿ ನೋಡಿ, ಗಾಳಿ ಸಾಗುವ ದಾರಿಯ ದೋಷಗಳನ್ನು ಅವನು ತಿದ್ದಿದನು. ಎರಡು ಹಂತಗಳಲ್ಲಿ ಗಾಳಿಯನ್ನು ಒತ್ತಿ ನಡುವೆ ತಂಪುಮಾಡುವ ಮರ್ಲಿನ್ ೬೧ ಎಂಜಿನ್ನು ೧೯೪೨ರಲ್ಲಿ ಸ್ಪಿಟ್‌ಫೈರ್ ವಿಮಾನಕ್ಕೆ ಎತ್ತರದ ಆಕಾಶದಲ್ಲಿ ಹೊಸ ಚೈತನ್ಯವನ್ನು ಕೊಟ್ಟಿತು. ಈ ವಿದ್ಯೆಯ ಒಂದು ಎಳೆ ಕನ್ನಡನಾಡಿಗೂ ತಾಗಿತ್ತು. ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯು ೧೯೪೩ರಿಂದ ಅಮೆರಿಕದ ಸೈನ್ಯದ ವಿಮಾನಗಳನ್ನು ದುರಸ್ತಿ ಮಾಡತೊಡಗಿತು. ಅಲ್ಲಿಗೆ ಬಂದ ಕ್ಯಾಟಲೀನಾ, ಡಕೋಟಾ ವಿಮಾನಗಳ ಎಂಜಿನ್ನುಗಳಲ್ಲಿ ಸೂಪರ್‌ಚಾರ್ಜರು ಎಂಜಿನ್ನಿನ ಅಂಗವಾಗಿಯೇ ಇದ್ದಿತು.

ಇಲ್ಲಿಂದ ಕಥೆಯು ಕಾರ್ಖಾನೆಯ ಗೋಡೆಯನ್ನು ದಾಟಿ ಮನೆಯ ಹಿತ್ತಿಲಿಗೆ ಬರುತ್ತದೆ. ಅದನ್ನು ತಂದದ್ದೂ ಯುದ್ಧವೇ. ಜನರಲ್ ಮೋಟಾರ್ಸ್ ಕಂಪನಿಯು ೧೯೩೮ರಲ್ಲಿ ೭೧ ಎಂಬ ಶ್ರೇಣಿಯ ಡೀಸೆಲ್ ಎಂಜಿನ್ನುಗಳನ್ನು ಹೊರತಂದಿತು. ಒಂದೊಂದು ಸಿಲಿಂಡರಿನ ಅಳತೆ ೭೧ ಘನ ಅಂಗುಲ. ಆರು ಸಿಲಿಂಡರಿನದು ೬-೭೧, ಮೂರರದು ೩-೭೧. ಇವು ಎರಡು ಹೊಡೆತದ ಎಂಜಿನ್ನುಗಳು. ಗಾಳಿಯನ್ನು ಎಳೆದುಕೊಳ್ಳುವ ಪ್ರತ್ಯೇಕ ಹೊಡೆತವು ಇವಕ್ಕೆ ಇಲ್ಲವಾದುದರಿಂದ, ಉರಿದ ಹೊಗೆಯನ್ನು ಗುಡಿಸಿ ಹೊಸ ಗಾಳಿಯನ್ನು ತುಂಬಲು ಪ್ರತಿಯೊಂದರ ಪಕ್ಕದಲ್ಲಿಯೂ ರೂಟ್ಸ್ ಬ್ಲೋವರನ್ನು ಕೂಡಿಸಿದ್ದರು. ಸೈನಿಕರನ್ನು ದಡಕ್ಕಿಳಿಸುವ ದೋಣಿಗಳಲ್ಲಿಯೂ ಕೆಲವು ಶರ್ಮನ್ ಟ್ಯಾಂಕುಗಳಲ್ಲಿಯೂ ಈ ಎಂಜಿನ್ನುಗಳೇ ಇದ್ದವು. ಯುದ್ಧ ಮುಗಿದ ಮೇಲೆ ಅವುಗಳ ಬ್ಲೋವರುಗಳು ಸೈನ್ಯದ ಹೆಚ್ಚುವರಿ ಸಾಮಾನಿನ ರಾಶಿಯಲ್ಲಿಯೂ ಗುಜರಿಯಲ್ಲಿಯೂ ಅಗ್ಗದ ಬೆಲೆಗೆ ದೊರೆಯತೊಡಗಿದವು.

ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದಲ್ಲಿ ಅವುಗಳಿಗಾಗಿ ಕೈಗಳು ಕಾದಿದ್ದವು. ೧೯೩೨ರಲ್ಲಿ ಬಂದ ಫೋರ್ಡ್ ವಿ-೮ ಎಂಜಿನ್ನು ಎಂಟು ಸಿಲಿಂಡರಿನ ಬಲವನ್ನು ಸಾಮಾನ್ಯರ ಕೈಗೆಟಕುವ ಬೆಲೆಯಲ್ಲಿ ಒದಗಿಸಿತ್ತು. ಅಲ್ಲಿಯ ತರುಣರು ಹಳೆಯ ಫೋರ್ಡ್ ಕಾರುಗಳ ಭಾರವನ್ನು ಕಳಚಿ, ಎಂಜಿನ್ನನ್ನು ಹುರಿಗೊಳಿಸಿ, ಬತ್ತಿದ ಸರೋವರಗಳ ಸಮತಟ್ಟಾದ ನೆಲದಲ್ಲಿ ವೇಗದ ಸ್ಪರ್ಧೆ ನಡೆಸುತ್ತಿದ್ದರು. ಇಂತಹ ಕಾರಿಗೆ ಹಾಟ್ ರಾಡ್ ಎಂದು ಹೆಸರು. ೧೯೩೭ರಲ್ಲಿಯೇ ಅವರ ಸಂಘವೊಂದು ಹುಟ್ಟಿತ್ತು. ೧೯೪೮ರ ಜನವರಿಯಲ್ಲಿ ಅವರದೇ ಪತ್ರಿಕೆ ಹೊರಟಿತು. ೧೯೪೯ರಲ್ಲಿ ಬಾನವಿಲ್ ಎಂಬ ಉಪ್ಪಿನ ಬಯಲಿನಲ್ಲಿ ವಾರ್ಷಿಕ ವೇಗಸ್ಪರ್ಧೆ ಆರಂಭವಾಯಿತು. ಡೀಸೆಲ್ಲಿನ ಬ್ಲೋವರನ್ನು ಫೋರ್ಡಿನ ಪೆಟ್ರೋಲ್ ಎಂಜಿನ್ನಿನ ತಲೆಯ ಮೇಲೆ ಕೂಡಿಸಿದವರಲ್ಲಿ ಮೊದಲಿಗರಾಗಿ ಬಾರ್ನಿ ನವಾರೊ ಎಂಬಾತನನ್ನು ಎಣಿಸುತ್ತಾರೆ. ೧೯೫೦ರ ಸುಮಾರಿಗೆ ಅವನು ಬಳಸಿದ್ದು ೩-೭೧ರ ಬ್ಲೋವರನ್ನು. ಹೊಗೆ ಗುಡಿಸುವುದಕ್ಕೆ ಹುಟ್ಟಿದ ಯಂತ್ರವು ಹೀಗೆ ಬಲ ತುಂಬುವ ಯಂತ್ರವಾಯಿತು.

ಅದನ್ನು ಕೂಡಿಸುವ ಕೆಲಸವಾದರೂ ಸುಲಭವಾಗಿರಲಿಲ್ಲ. ಬ್ಲೋವರಿನ ಬಾಯಿಗೂ ಎಂಜಿನ್ನಿನ ಬಾಯಿಗೂ ಅಳತೆ ಕೂಡುತ್ತಿರಲಿಲ್ಲ. ನಡುವೆ ದಪ್ಪ ಅಲ್ಯೂಮಿನಿಯಮ್ ತಗಡನ್ನು ಕೊರೆದು ಕೂಡಿಸಬೇಕು. ಎಂಜಿನ್ನಿನ ಮುಂದಿನ ರಾಟೆಯಿಂದ ಬ್ಲೋವರಿನ ರಾಟೆಗೆ ಬೆಲ್ಟು ಹಾಯಿಸಬೇಕು. ಎರಡು ರಾಟೆಗಳು ನೇರವಾಗಿ ಒಂದೇ ರೇಖೆಯಲ್ಲಿ ನಿಲ್ಲದಿದ್ದರೆ ಬೆಲ್ಟು ಹಾರಿಹೋಗುತ್ತದೆ. ಆರಂಭದಲ್ಲಿ ಬಳಸಿದ ಬೆಲ್ಟುಗಳು ಭಾರ ಬಿದ್ದಾಗ ಜಾರುತ್ತಿದ್ದವು; ಹಲವು ಬೆಲ್ಟುಗಳನ್ನು ಸಾಲಾಗಿ ಹಾಕಿದರು, ಸರಪಣಿಯನ್ನು ಪ್ರಯತ್ನಿಸಿದರು; ಕೊನೆಗೆ ಹಲ್ಲುಗಳುಳ್ಳ ಅಗಲವಾದ ಬೆಲ್ಟು ಬಂದ ಮೇಲೆ ಆ ತೊಂದರೆ ನಿವಾರಣೆಯಾಯಿತು. ಬೆಂಕಿಯು ಹಿಮ್ಮೊಗವಾಗಿ ನುಗ್ಗಿದರೆ ಬ್ಲೋವರೇ ಸಿಡಿಯುವ ಭಯವಿದ್ದುದರಿಂದ ಒತ್ತಡವನ್ನು ಹೊರಕ್ಕೆ ಬಿಡುವ ಕವಾಟವನ್ನು ಇಟ್ಟರು. ಮುಂದೆ ಓಟದ ಸ್ಪರ್ಧೆಗಳಲ್ಲಿ ಬ್ಲೋವರನ್ನು ಬಲವಾದ ಪಟ್ಟಿಗಳಿಂದ ಬಿಗಿಯುವುದು ಕಡ್ಡಾಯವಾಯಿತು.

ಕಣ್ಣಿಗೆ ಕಾಣುವ ಈ ತೊಡಕುಗಳಿಗಿಂತ ಕಾಣದ ತೊಡಕು ದೊಡ್ಡದು. ಒತ್ತಿದ ಗಾಳಿ ಬಿಸಿಯಾಗುತ್ತದೆ ಎಂಬುದನ್ನು ಸೈಕಲ್ ಪಂಪನ್ನು ಮುಟ್ಟಿ ನೋಡಿದವರೆಲ್ಲ ಬಲ್ಲರು. ಬಿಸಿಯಾದ ಗಾಳಿ ಸಿಲಿಂಡರಿನಲ್ಲಿ ಮತ್ತೊಮ್ಮೆ ಹಿಂಡಲ್ಪಟ್ಟಾಗ, ಕಿಡಿಯಿಂದ ಹೊತ್ತಿದ ಜ್ವಾಲೆ ಮೂಲೆಗೆ ಮುಟ್ಟುವ ಮೊದಲೇ ಅಲ್ಲಿನ ಮಿಶ್ರಣವು ತಾನಾಗಿ ಸಿಡಿಯುತ್ತದೆ. ಸುತ್ತಿಗೆಯ ಏಟಿನಂತಹ ಈ ಬಡಿತವು ಪಿಸ್ಟನ್ನನ್ನು ತೂತುಮಾಡಬಲ್ಲದು, ಗ್ಯಾಸ್ಕೆಟ್ಟನ್ನು ಹರಿಯಬಲ್ಲದು. ಆದುದರಿಂದ ಬಲ್ಲವನು ಬ್ಲೋವರ್ ಹಾಕುವ ಮೊದಲು ಸಿಲಿಂಡರಿನ ಸಂಪೀಡನ ಪ್ರಮಾಣವನ್ನು ತಗ್ಗಿಸುತ್ತಿದ್ದನು. ಕಿಡಿಯ ವೇಳೆಯನ್ನು ಸ್ವಲ್ಪ ತಡಮಾಡುತ್ತಿದ್ದನು. ಕಾರ್ಬ್ಯುರೇಟರಿನ ಪೆಟ್ರೋಲ್ ರಂಧ್ರವನ್ನು ಹಿಗ್ಗಿಸುತ್ತಿದ್ದನು. ಎರಕದ ಪಿಸ್ಟನ್ನುಗಳ ಬದಲು ಬಡಿದು ಮಾಡಿದ ಪಿಸ್ಟನ್ನುಗಳನ್ನು ಹಾಕುತ್ತಿದ್ದನು. ಇದಾವುದನ್ನೂ ಮಾಡದೆ ಬ್ಲೋವರನ್ನು ಮಾತ್ರ ಬಿಗಿದವನ ಎಂಜಿನ್ನು ಗರ್ಜಿಸುತ್ತಿತ್ತು, ನಿಜ. ಆದರೆ ಬಹುಕಾಲ ಗರ್ಜಿಸುತ್ತಿರಲಿಲ್ಲ.

ಸ್ವಂತ ಲೇತು, ಸ್ವಂತ ಧೈರ್ಯವಿಲ್ಲದವರಿಗಾಗಿ ೧೯೫೦ರ ದಶಕದಲ್ಲಿ ಸಿದ್ಧ ಸಾಮಗ್ರಿಯ ಪೆಟ್ಟಿಗೆಗಳು ಮಾರಾಟಕ್ಕೆ ಬಂದವು. ರಾಬರ್ಟ್ ಪ್ಯಾಕ್ಸ್‌ಟನ್ ಮೆಕಲಕ್ ಎಂಬ ಉದ್ಯಮಿಯ ಕಂಪನಿಯು ರೆಕ್ಕೆಚಕ್ರದಿಂದ ಗಾಳಿಯನ್ನು ಎಸೆಯುವ ಬಗೆಯ ಸೂಪರ್‌ಚಾರ್ಜರನ್ನು ೧೯೫೩ರಲ್ಲಿ ಹೊರತಂದಿತು. ಈ ಬಗೆಯಲ್ಲಿ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನಿಧಾನವಾಗಿ ಹೋಗುವಾಗ ಎಂಜಿನ್ನಿಗೆ ಹೊರೆ ಕಡಿಮೆ. ಸ್ವಂತ ವಿ-೮ ಎಂಜಿನ್ನಿಲ್ಲದ ಕೈಸರ್ ಕಂಪನಿಯು ೧೯೫೪ರಲ್ಲಿ ತನ್ನ ಕಾರಿಗೆ ಇದನ್ನೇ ಆಸರೆಯಾಗಿ ಹಿಡಿಯಿತು. ೧೯೫೭ರಲ್ಲಿ ಫೋರ್ಡ್, ಸ್ಟುಡಿಬೇಕರ್ ಕಾರುಗಳೂ ಇದನ್ನು ಪಡೆದವು. ಪೆನ್ಸಿಲ್ವೇನಿಯಾದ ಕಾನ್ಶಹಾಕನ್ ಊರಿನ ಜಡ್ಸನ್ ಕಂಪನಿಯದು ಇನ್ನೂ ಸರಳವಾದ ದಾರಿ. ಫೋಕ್ಸ್‌ವ್ಯಾಗನ್, ಎಂ.ಜಿ. ಮೊದಲಾದ ಚಿಕ್ಕ ಕಾರುಗಳಿಗೆ ತಕ್ಕ ಬ್ಲೋವರು, ಕೊಳವೆ, ರಾಟೆ, ಬೆಲ್ಟುಗಳೆಲ್ಲವನ್ನೂ ಅದು ಒಂದೇ ಪೆಟ್ಟಿಗೆಯಲ್ಲಿ ಕಳುಹಿಸುತ್ತಿತ್ತು. ೩೬ ಅಶ್ವಶಕ್ತಿಯ ಫೋಕ್ಸ್‌ವ್ಯಾಗನ್ನಿಗೆ ಅದು ದೊಡ್ಡ ವರವೇ ಆಗಿತ್ತು. ಅದರೊಳಗೆ ಜಾರಾಡುವ ಹಲಗೆಗಳು ಸವೆಯದಂತೆ ಗಾಜಿನ ಜಾಡಿಯೊಂದರಿಂದ ಎಣ್ಣೆ ಹನಿಹನಿಯಾಗಿ ಇಳಿಯುತ್ತಿತ್ತು. ಒಂದು ಭಾನುವಾರ ಪಾನಾ, ತಿರುಪುಳಿ ಹಿಡಿದು ಕುಳಿತು ಜೋಡಿಸಿದ ಗೃಹಸ್ಥನು ಆ ಜಾಡಿಗೆ ಎಣ್ಣೆ ತುಂಬುವುದನ್ನು ವರ್ಷಾನುವರ್ಷ ಮರೆಯದಿರಬೇಕಾಗಿತ್ತು. ಜೋಡಿಸುವ ಉತ್ಸಾಹಕ್ಕೂ ಕಾಪಾಡುವ ಶ್ರದ್ಧೆಗೂ ಇರುವ ಭೇದವನ್ನು ಆ ಜಾಡಿ ಅಳೆಯುತ್ತಿತ್ತು ಎನ್ನಬಹುದು.

೧೯೬೦ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ದೊಡ್ಡ ಎಂಜಿನ್ನುಗಳೇ ಬಂದುದರಿಂದ ಈ ಪೆಟ್ಟಿಗೆಗಳ ಬೇಡಿಕೆ ಕುಗ್ಗಿತು. ೧೯೭೦ರ ಶುದ್ಧ ವಾಯು ಶಾಸನ ಮತ್ತು ಆ ಬಳಿಕ ಏರಿದ ಎಣ್ಣೆಯ ಬೆಲೆ ಹೊಸ ಪ್ರಶ್ನೆಗಳನ್ನು ಎತ್ತಿದವು. ಚಿಕ್ಕ ಎಂಜಿನ್ನಿನಿಂದಲೇ ದೊಡ್ಡ ಬಲ ಪಡೆಯಬೇಕಾದಾಗ ಕಾರ್ಖಾನೆಗಳು ಮತ್ತೆ ಹಳೆಯ ವಿದ್ಯೆಯನ್ನು ನೆನೆದವು. ಈಟನ್ ಕಂಪನಿಯು ರೂಟ್ಸ್ ಸೋದರರ ತಿರುಗಣೆಗಳಿಗೆ ಹುರಿಯ ತಿರುಚು ಕೊಟ್ಟು ಸದ್ದನ್ನು ತಗ್ಗಿಸಿತು. ಆ ಬ್ಲೋವರು ೧೯೮೯ರ ಫೋರ್ಡ್ ಥಂಡರ್‌ಬರ್ಡಿನಲ್ಲಿಯೂ, ಮುಂದೆ ಜನರಲ್ ಮೋಟಾರ್ಸ್ ಕಾರುಗಳಲ್ಲಿಯೂ ೨೦೦೨ರಿಂದ ೨೦೦೬ರವರೆಗಿನ ಮಿನಿ ಕೂಪರ್ ಎಸ್ ಕಾರಿನಲ್ಲಿಯೂ ಬಂದಿತು. ಅಪಘಾತಕ್ಕೀಡಾದ ಅಂತಹ ಕಾರುಗಳು ಗುಜರಿಗೆ ಬಂದಾಗ ಹಳೆಯ ಕಥೆ ಮರುಕಳಿಸಿತು. ಸೈನ್ಯದ ಗುಜರಿಯಲ್ಲಿ ೩-೭೧ ದೊರೆತಂತೆ, ಕಾರಿನ ಗುಜರಿಯಲ್ಲಿ ಈಟನ್ ಬ್ಲೋವರು ಅಗ್ಗವಾಗಿ ದೊರೆಯಿತು.

ಇದರ ಲೆಕ್ಕವು ಶಾಲೆಯ ಹಲಗೆಯ ಮೇಲೆ ಬಿಡಿಸಬಹುದಾದಷ್ಟು ಸರಳ. ಈಟನ್ನಿನ ಎಂ-೬೨ ಎಂಬುದು ಒಂದು ಸುತ್ತಿಗೆ ೬೨ ಘನ ಅಂಗುಲ, ಎಂದರೆ ಸುಮಾರು ಒಂದು ಲೀಟರು ಗಾಳಿಯನ್ನು ಸಾಗಿಸುತ್ತದೆ. ಎರಡು ಲೀಟರಿನ ನಾಲ್ಕು ಹೊಡೆತದ ಎಂಜಿನ್ನು ಎರಡು ಸುತ್ತಿಗೊಮ್ಮೆ ಉಸಿರೆಳೆಯುವುದರಿಂದ, ಒಂದು ಸುತ್ತಿಗೆ ನುಂಗುವುದು ಒಂದು ಲೀಟರು. ಎರಡೂ ಸಮವೇಗದಲ್ಲಿ ತಿರುಗಿದರೆ ಲಾಭವೇನೂ ಇಲ್ಲ. ಎಂಜಿನ್ನಿನ ರಾಟೆ ೭ ಅಂಗುಲ, ಬ್ಲೋವರಿನ ರಾಟೆ ೫ ಅಂಗುಲವಾದರೆ ಬ್ಲೋವರು ೧.೪ ಪಟ್ಟು ವೇಗವಾಗಿ ತಿರುಗುತ್ತದೆ. ಒಂದು ಲೀಟರಿನ ಜಾಗಕ್ಕೆ ೧.೪ ಲೀಟರು ಗಾಳಿ ಬರುತ್ತದೆ. ವಾಯುಮಂಡಲದ ೧೪.೭ ಪೌಂಡಿನ ಮೇಲೆ ಸುಮಾರು ೬ ಪೌಂಡು ಒತ್ತಡ ಏರುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಸಂದಿಗಳಲ್ಲಿ ಸೋರುವ ಗಾಳಿ, ಶಾಖದಿಂದ ತೆಳುವಾಗುವ ಗಾಳಿ, ಬ್ಲೋವರನ್ನು ತಿರುಗಿಸಲು ಎಂಜಿನ್ನೇ ತೆರಬೇಕಾದ ಬಲ, ಇವುಗಳನ್ನು ಕಳೆದು ಉಳಿದದ್ದೇ ನಿಜವಾದ ಆದಾಯ. ಗಾಳಿಗೆ ತಕ್ಕ ಪೆಟ್ರೋಲನ್ನು ಅಳೆದು ಕೊಡುವುದಕ್ಕೆ, ೨೦೦೧ರ ಸುಮಾರಿಗೆ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ಎಂಬ ಇಬ್ಬರು ಮೆಗಾಸ್ಕ್ವರ್ಟ್ ಎಂಬ ಸಣ್ಣ ವಿದ್ಯುನ್ಮಾನ ನಿಯಂತ್ರಕವನ್ನು ರಚಿಸಿದರು. ಬೆಸುಗೆಯ ಕಡ್ಡಿ ಹಿಡಿಯಬಲ್ಲ ಯಾರೇ ಆದರೂ ಅದನ್ನು ಮನೆಯಲ್ಲಿ ಜೋಡಿಸಿಕೊಳ್ಳಬಹುದಾಗಿತ್ತು. ಕಾರ್ಬ್ಯುರೇಟರಿನ ರಂಧ್ರವನ್ನು ಹಿಗ್ಗಿಸುತ್ತಿದ್ದ ಕಾಲದ ಊಹೆಯು ಇಲ್ಲಿ ಅಳತೆಯಾಗಿ ಮಾರ್ಪಟ್ಟಿತು.

ಸ್ವಂತ ಕಾರಾದರೂ ರಸ್ತೆ ಸ್ವಂತದ್ದಲ್ಲ ಎಂಬ ವಿಚಾರವೂ ಈ ಚರಿತ್ರೆಯ ಭಾಗವೇ. ಕ್ಯಾಲಿಫೋರ್ನಿಯಾದಲ್ಲಿ ವಾಯು ಮಂಡಲಿಯ ಅನುಮತಿ ಸಂಖ್ಯೆಯಿಲ್ಲದ ಸೂಪರ್‌ಚಾರ್ಜರನ್ನು ರಸ್ತೆಯ ಕಾರಿಗೆ ಹಾಕುವಂತಿಲ್ಲ. ನಮ್ಮ ದೇಶದಲ್ಲಿ ೧೯೮೮ರ ಮೋಟಾರು ವಾಹನ ಶಾಸನದ ೫೨ನೆಯ ಪ್ರಕರಣವು, ನೋಂದಣಿಯಲ್ಲಿ ಬರೆದ ವಿವರಗಳು ತಯಾರಕರು ಗೊತ್ತುಪಡಿಸಿದುದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಬಲ ಹೆಚ್ಚಿದ ಕಾರಿನ ಬ್ರೇಕು, ಚಕ್ರ, ಹೊಗೆ ಇವೆಲ್ಲವೂ ದಾರಿಹೋಕನ ಪ್ರಾಣಕ್ಕೂ ಉಸಿರಿಗೂ ಸಂಬಂಧಿಸಿದವು ಎಂಬುದನ್ನು ಮರೆತು ಈ ನಿರ್ಬಂಧವನ್ನು ಹಳಿಯುವುದು ನ್ಯಾಯವಲ್ಲ.

ಉಣ್ಣೆಯ ಗಿರಣಿಯಿಂದ ಕುಲುಮೆಗೆ, ಕುಲುಮೆಯಿಂದ ದೋಣಿಗೆ, ದೋಣಿಯಿಂದ ಗುಜರಿಗೆ, ಗುಜರಿಯಿಂದ ಹಿತ್ತಿಲಿಗೆ ಸಾಗಿಬಂದ ಈ ಯಂತ್ರದ ದಾರಿಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಬ್ಲೋವರನ್ನು ಕೊಳ್ಳುವುದಕ್ಕೆ ಹಣ ಸಾಕು. ಅದರಿಂದ ಫಲ ಪಡೆಯುವುದಕ್ಕೆ ಗಾಳಿ, ಇಂಧನ, ಕಿಡಿ, ಶಾಖ ಈ ನಾಲ್ಕರ ಸಂಬಂಧವನ್ನು ತಿಳಿಯಲೇಬೇಕು. ಬರ್ಕಿನ್ನನಿಗೆ ಐಶ್ವರ್ಯವಂತರ ಬೆಂಬಲವಿದ್ದರೂ ಲೆ ಮಾನ್ ದಕ್ಕಲಿಲ್ಲ. ಹಿತ್ತಿಲಿನ ತರುಣರು ಬಿಸುಟ ಸಾಮಾನಿನಿಂದಲೇ ಹೊಸದೊಂದು ಯಂತ್ರಕಲೆಯನ್ನು ಬೆಳೆಸಿದರು. ಅವರಲ್ಲಿ ಗೆದ್ದವರು ಹೆಚ್ಚು ಗಾಳಿ ತುಂಬಿದವರಲ್ಲ. ತಮ್ಮ ಎಂಜಿನ್ನು ಎಷ್ಟನ್ನು ತಾಳಬಲ್ಲದೆಂದು ಅಳೆದು, ಅಷ್ಟಕ್ಕೆ ನಿಲ್ಲಿಸಿದವರು. ಭೌತಶಾಸ್ತ್ರದ ಪಾಠದಲ್ಲಿ ಒತ್ತಡ, ಗಾತ್ರ, ಶಾಖಗಳ ಸಂಬಂಧವನ್ನು ಕಂಠಪಾಠ ಮಾಡುವ ವಿದ್ಯಾರ್ಥಿಯು, ಆ ಮೂರು ಪದಗಳ ಹಿಂದೆ ಎಷ್ಟು ಪಿಸ್ಟನ್ನುಗಳು ತೂತಾಗಿವೆ, ಎಷ್ಟು ರಾತ್ರಿಗಳ ದುಡಿಮೆ ಸಾರ್ಥಕವಾಗಿದೆ ಎಂಬುದನ್ನು ಅರಿತರೆ ಸೂತ್ರವು ಬರಿಯ ಸೂತ್ರವಾಗಿ ಉಳಿಯುವುದಿಲ್ಲ.